ಪುಟದಲ್ಲಿ ಸರಿ, ರಾತ್ರಿಯ ಜಾಬ್‌ನಲ್ಲಿ ಎರರ್: ಲೇಜಿ ಲೋಡಿಂಗ್ ತಕರಾರು

ಪ್ರಶ್ನೆ: ಇಲ್ಲಿನ ಕಾಫಿ ಕ್ಯೂರಿಂಗ್ ಘಟಕವೊಂದಕ್ಕೆ ಸ್ಪ್ರಿಂಗ್ ಬೂಟ್ (ಜಾವಾ ಅಪ್ಲಿಕೇಶನ್ ಕಟ್ಟುವ ಚೌಕಟ್ಟು), ಹೈಬರ್ನೇಟ್ (ಡೇಟಾಬೇಸ್ ಟೇಬಲ್ಲುಗಳನ್ನು ಜಾವಾ ಆಬ್ಜೆಕ್ಟ್‌ಗಳಿಗೆ ಜೋಡಿಸುವ ಲೈಬ್ರರಿ) ಬಳಸಿ ವೆಬ್ ಅಪ್ಲಿಕೇಶನ್ ಮಾಡಿದ್ದೇವೆ. ಬೆಳೆಗಾರರ ಪುಟ ತೆರೆದರೆ ಅವರ ತೂಕದ ಚೀಟಿಗಳೆಲ್ಲ ಕಾಣುತ್ತವೆ. ಅದೇ ಚೀಟಿಗಳನ್ನು ಕೂಡಿಸಿ ರಾತ್ರಿ ಎಸ್‌ಎಂಎಸ್ ಕಳಿಸುವ ಶೆಡ್ಯೂಲ್ಡ್ ಜಾಬ್ ಮಾತ್ರ ‘ಲೇಜಿ ಇನಿಷಿಯಲೈಸೇಶನ್ ಎಕ್ಸೆಪ್ಶನ್, ನೋ ಸೆಷನ್’ ಎಂದು ನಿಲ್ಲುತ್ತದೆ. ಚೀಟಿಗಳ ಮ್ಯಾಪಿಂಗನ್ನು ಲೇಜಿ (ಮುಟ್ಟಿದಾಗ ಮಾತ್ರ ತರುವುದು) ಬದಲು ಈಗರ್ (ಬೆಳೆಗಾರರ ಜತೆಗೇ ತರುವುದು) ಮಾಡಿಬಿಡಬಹುದೇ?
– ಓದುಗರು, ಕುಶಾಲನಗರ

ಉತ್ತರ: ಬೇಡ. ತಪ್ಪಿರುವುದು ಮ್ಯಾಪಿಂಗ್‌ನಲ್ಲಲ್ಲ. ನಿಜ ಹೇಳಬೇಕೆಂದರೆ, ಸರಿಯಾಗಿ ನಡೆಯುತ್ತಿದೆ ಎಂದುಕೊಂಡಿರುವ ಆ ಪುಟವೂ ಸರಿಯಿಲ್ಲ.

ರೆಪಾಸಿಟರಿಯ (ಡೇಟಾಬೇಸ್ ಓದುವ ಕೋಡ್) ‘ಫೈಂಡ್ ಆಲ್’ ತನ್ನದೇ ಟ್ರಾನ್ಸಾಕ್ಷನ್‌ನಲ್ಲಿ ಓಡುತ್ತದೆ. ಉತ್ತರ ಕೊಟ್ಟೊಡನೆ ಜಾಬ್‌ನಲ್ಲಿ ಸೆಷನ್ (ಹೈಬರ್ನೇಟ್ ಡೇಟಾಬೇಸ್ ಜತೆ ಮಾತಾಡುವ ಅವಧಿ) ಮುಚ್ಚುತ್ತದೆ. ಬೆಳೆಗಾರರ ವಿವರ ಕೈಗೆ ಬಂದಿರುತ್ತದೆ, ಚೀಟಿಗಳ ಪಟ್ಟಿ ಬಂದಿರುವುದಿಲ್ಲ. ಆಮೇಲೆ ಪಟ್ಟಿಯನ್ನು ಮುಟ್ಟಿದರೆ ಡೇಟಾಬೇಸ್‌ಗೆ ಹೋಗಲು ಸೆಷನ್ನೇ ಇಲ್ಲ. ಪುಟದಲ್ಲಿ ಇದೇ ಕೋಡ್ ನಡೆಯುವುದು ‘ಓಪನ್ ಇನ್ ವ್ಯೂ’ ಕೃಪೆಯಿಂದ. ಸ್ಪ್ರಿಂಗ್ ಬೂಟ್‌ನಲ್ಲಿ ಅದು ತಾನಾಗಿಯೇ ಆನ್ ಇರುತ್ತದೆ, ವೆಬ್ ರಿಕ್ವೆಸ್ಟ್ ಮುಗಿಯುವವರೆಗೂ ಸೆಷನ್ ತೆರೆದಿಡುತ್ತದೆ. ಆ್ಯಪ್ ಶುರುವಾಗುವಾಗ ಲಾಗ್‌ನಲ್ಲಿ ಇದರ ಎಚ್ಚರಿಕೆ ಬರುತ್ತದೆ. ಯಾರೂ ಓದುವುದಿಲ್ಲ, ಅಷ್ಟೇ.

ಇದರ ಬೆಲೆಯೂ ಇದೆ. 300 ಬೆಳೆಗಾರರಿದ್ದರೆ ಪಟ್ಟಿಗೆ ಒಂದು ಕ್ವೆರಿ, ತಲೆಗೊಂದರಂತೆ ಚೀಟಿಗಳಿಗೆ 300, ಒಟ್ಟು 301. ಡೇಟಾಬೇಸ್ ಕ್ಲೌಡ್‌ನಲ್ಲಿದ್ದು ಒಂದೊಂದು ಸುತ್ತಿಗೆ 40 ಮಿಲಿಸೆಕೆಂಡ್ ಹಿಡಿದರೂ 12 ಸೆಕೆಂಡ್ ಆಯಿತು. ಅಷ್ಟು ಹೊತ್ತೂ ಒಂದು ಕನೆಕ್ಷನ್ ಆ ರಿಕ್ವೆಸ್ಟ್‌ಗೇ ಕಟ್ಟುಬಿದ್ದಿರುತ್ತದೆ. ಕನೆಕ್ಷನ್‌ಗಳನ್ನು ಹಂಚುವ ಹಿಕಾರಿ ಪೂಲ್‌ನಲ್ಲಿ ಡಿಫಾಲ್ಟ್ ಆಗಿ ಇರುವುದು 10 ಮಾತ್ರ. ಕೊಯ್ಲಿನ ಸಮಯದಲ್ಲಿ ತೂಕದ ಕೌಂಟರ್‌ಗಳೆಲ್ಲ ಒಟ್ಟಿಗೆ ಪುಟ ತೆರೆದರೆ ಏನಾಗುತ್ತದೆಂದು ಊಹಿಸಿ.

ಈಗರ್ ಮಾಡಿದರೆ ಬೆಳೆಗಾರರ ಫೋನ್ ನಂಬರ್ ಮಾತ್ರ ಬೇಕಾದ ಕಡೆಯೂ ಚೀಟಿಗಳೆಲ್ಲ ಬರುತ್ತವೆ, ಮತ್ತು ಜೆಪಿಕ್ಯೂಎಲ್ (ಟೇಬಲ್ ಬದಲು ಜಾವಾ ಕ್ಲಾಸಿನ ಹೆಸರಿನಲ್ಲಿ ಬರೆಯುವ) ಕ್ವೆರಿಯಲ್ಲಿ ಆ 301ರ ಕಾಟವೂ ತಪ್ಪುವುದಿಲ್ಲ. ‘ಎನೇಬಲ್ ಲೇಜಿ ಲೋಡ್ ನೋ ಟ್ರಾನ್ಸ್’ ಎಂಬ ಸೆಟ್ಟಿಂಗ್ ಹಾಕಿ ಎಂದೂ ಕೆಲವರು ಹೇಳುತ್ತಾರೆ. ಅದು ಎರರನ್ನು ಮರೆಮಾಚಿ, ಪ್ರತಿ ಪಟ್ಟಿಗೂ ಹೊಸ ಸೆಷನ್ ತೆರೆಯುತ್ತದೆ. ಹತ್ತಿರವೂ ಸೇರಿಸಬೇಡಿ.

ಜಾಬ್ ಮೆಥಡ್‌ಗೆ ‘ಟ್ರಾನ್ಸಾಕ್ಷನಲ್’ ಗುರುತು ಹಚ್ಚಿದರೆ ಸೆಷನ್ ಮೆಥಡ್ ಮುಗಿಯುವವರೆಗೂ ತೆರೆದಿದ್ದು ಎರರ್ ಹೋಗುತ್ತದೆ, ಆದರೆ ಎಸ್‌ಎಂಎಸ್ ಗೇಟ್‌ವೇಗೆ ಕಾಯುವಷ್ಟು ಹೊತ್ತೂ ಕನೆಕ್ಷನ್ ಹಿಡಿದಂತಾಗುತ್ತದೆ. ಅದೇ ಕ್ಲಾಸಿನ ಇನ್ನೊಂದು ಮೆಥಡ್‌ಗೆ ಹಚ್ಚಿ ಒಳಗಿಂದಲೇ ಕರೆದರಂತೂ ಏನೂ ಆಗದು. ಕರೆ ಸ್ಪ್ರಿಂಗ್‌ನ ಪ್ರಾಕ್ಸಿ (ಟ್ರಾನ್ಸಾಕ್ಷನ್ ಶುರು ಮಾಡುವ ಮಧ್ಯವರ್ತಿ) ಮೂಲಕ ಹೋಗುವುದೇ ಇಲ್ಲ.

ನಿಮ್ಮ ಎಸ್‌ಎಂಎಸ್‌ಗೆ ಎಂಟಿಟಿಯೇ (ಟೇಬಲ್‌ಗೆ ಜೋಡಿಸಿದ ಜಾವಾ ಆಬ್ಜೆಕ್ಟ್) ಬೇಡ. ಬೇಕಿರುವುದು ಹೆಸರು, ಮೊಬೈಲ್, ಇವತ್ತಿನ ಒಟ್ಟು ಕಿಲೋ. ಚೀಟಿಗಳ ಟೇಬಲ್ಲಿಂದ ದಿನಾಂಕ ಹಾಕಿ, ಬೆಳೆಗಾರರ ಮೇಲೆ ‘ಗ್ರೂಪ್ ಬೈ’ ಮಾಡಿ, ‘ಸಮ್’ ತೆಗೆದು ನೇರ ಒಂದು ಜಾವಾ ರೆಕಾರ್ಡ್‌ಗೆ ತುಂಬಿಸಿ. ಒಂದೇ ಕ್ವೆರಿ, ಸೆಷನ್‌ನ ಗೊಡವೆಯೇ ಇಲ್ಲ.

ಒಬ್ಬರ ವಿವರದ ಪುಟಕ್ಕೆ ‘ಲೆಫ್ಟ್ ಜಾಯಿನ್ ಫೆಚ್’ ಹಾಕಿ, ಬೆಳೆಗಾರರೂ ಚೀಟಿಗಳೂ ಒಂದೇ ಕ್ವೆರಿಯಲ್ಲಿ ಬರುತ್ತವೆ. ‘ಲೆಫ್ಟ್’ ಬಿಟ್ಟರೆ ಇನ್ನೂ ಕಾಫಿ ತರದವರ ಪುಟ ಖಾಲಿ ಬರುತ್ತದೆ. ಫೆಚ್ ಮಾಡಿದ ಚೀಟಿಗಳ ಮೇಲೆಯೇ ‘ವೇರ್’ನಲ್ಲಿ ದಿನಾಂಕದ ಷರತ್ತು ಹಾಕಬೇಡಿ: ಎಂಟಿಟಿಯೊಳಗಿನ ಪಟ್ಟಿ ಅರೆಬರೆ ತುಂಬಿ, ಇರುವುದೇ ಅಷ್ಟು ಎಂದು ಮುಂದಿನ ಕೋಡ್ ನಂಬುತ್ತದೆ. ಚೀಟಿ, ಪಾವತಿ ಎರಡೂ ಲಿಸ್ಟ್‌ಗಳನ್ನು ಒಟ್ಟಿಗೆ ಫೆಚ್ ಮಾಡಿದರೆ ‘ಮಲ್ಟಿಪಲ್ ಬ್ಯಾಗ್ ಫೆಚ್ ಎಕ್ಸೆಪ್ಶನ್’. ಲಿಸ್ಟ್ ಬದಲು ಜಾವಾದ ‘ಸೆಟ್’ ಬಳಸಿದರೆ ಎರರ್ ನಿಂತೀತು, ಆದರೆ ಪ್ರತಿ ಚೀಟಿಗೂ ಎಲ್ಲ ಪಾವತಿಗಳು ಜೋಡಿಯಾಗಿ 40 ಚೀಟಿ, 30 ಪಾವತಿಗೆ 1,200 ಸಾಲು ಹರಿದುಬರುತ್ತವೆ. ಎರಡು ಕ್ವೆರಿ ಮಾಡುವುದೇ ಲೇಸು.

ಪುಟಕ್ಕೆ 20ರಂತೆ ತೋರಿಸುವ ಬೆಳೆಗಾರರ ಪಟ್ಟಿಯಲ್ಲಿ ಜಾಯಿನ್ ಫೆಚ್ ಬೇಡ. ಹೈಬರ್ನೇಟ್ ಎಲ್ಲವನ್ನೂ ಮೆಮೊರಿಗೆ ತಂದು ಅಲ್ಲಿ ಕತ್ತರಿಸುತ್ತದೆ. ‘ಡಿಫಾಲ್ಟ್ ಬ್ಯಾಚ್ ಫೆಚ್ ಸೈಜ್’ (ಹಲವು ಬೆಳೆಗಾರರ ಚೀಟಿಗಳನ್ನು ಒಂದೇ ಕ್ವೆರಿಯಲ್ಲಿ ತರಿಸುವ ಸೆಟ್ಟಿಂಗ್) 20 ಎಂದಿಟ್ಟು, ಸರ್ವಿಸ್‌ನ ಟ್ರಾನ್ಸಾಕ್ಷನ್ ಒಳಗೇ ಪಟ್ಟಿಗಳನ್ನು ಡಿಟಿಒಗೆ (ಪುಟಕ್ಕೆ ಬೇಕಾದಷ್ಟೇ ಮಾಹಿತಿಯ ಸರಳ ಆಬ್ಜೆಕ್ಟ್) ತುಂಬಿಸಿ.

ಇಷ್ಟಾದ ಮೇಲೆ ಟೆಸ್ಟ್ ಸರ್ವರ್‌ನಲ್ಲಿ ‘ಓಪನ್ ಇನ್ ವ್ಯೂ’ ಫಾಲ್ಸ್ ಮಾಡಿ, ಎಸ್‌ಕ್ಯೂಎಲ್ ಲಾಗ್ ಆನ್ ಇಟ್ಟು ಪ್ರತಿ ಪುಟವನ್ನೂ ಒಮ್ಮೆ ತೆರೆಯಿರಿ. ಎಂಟಿಟಿಯನ್ನೇ ಜೇಸನ್ ಮಾಡಿ ಕಳಿಸುವ ಎಪಿಐಗಳು ಮೊದಲು ಬೀಳುತ್ತವೆ.