ಮರಿ ಬಾಲ್ ಪೈಥಾನ್ (ಸಣ್ಣ ಜಾತಿಯ ಹೆಬ್ಬಾವು) ಕೈ ಹಾಕಿದರೆ ಕಚ್ಚೋಕೆ ಬರುತ್ತೆ, ಊಟಾನೂ ಮಾಡ್ತಿಲ್ಲ. ಏನು ಮಾಡಲಿ?

ಅದು ಸಿಟ್ಟಲ್ಲ, ಭಯ. ಅಷ್ಟು ಚಿಕ್ಕ ಮರಿಗೆ ಮೇಲಿಂದ ಇಳಿಯುವ ಕೈ ಹದ್ದಿನ ಹಾಗೆ, ಅಲ್ವಾ? ತಂದು ಹತ್ತು ದಿನ ಆಗಿದೆ, ದಿನಾ ಎತ್ತಿಕೊಳ್ಳುತ್ತಿದ್ದೇನೆ ಅಂದಿದ್ದೀರಿ. ಮೊದಲು ಅದನ್ನು ನಿಲ್ಲಿಸಿ. ಮೂರು ಸಲ ಸರಿಯಾಗಿ ತಿನ್ನುವವರೆಗೆ ನೀರು ಬದಲಿಸಿ, ಗಲೀಜು ತೆಗೆದು ಸುಮ್ನೆ ಬಿಟ್ಟುಬಿಡಿ.

ಊಟ ಬಿಡೋಕೆ ಚಳಿಯೂ ಕಾರಣ ಇರಬಹುದು. ಬೆಂಗಳೂರಿನ ಡಿಸೆಂಬರ್ ರಾತ್ರಿ ಇದಕ್ಕೆ ಆಗಿಬರಲ್ಲ. ಪೆಟ್ಟಿಗೆಯ ಒಂದು ಬದಿ 31-32 ಡಿಗ್ರಿ ಇರಬೇಕು. ಬಿಸಿಯನ್ನು ಹತೋಟಿಯಲ್ಲಿಡುವ ಥರ್ಮೋಸ್ಟಾಟ್ ಇಲ್ಲದ ಹೀಟ್ ಮ್ಯಾಟ್ ಮಾತ್ರ ಬೇಡ, ಹೊಟ್ಟೆ ಸುಟ್ಟುಕೊಳ್ಳುತ್ತೆ. ಮೈ ಸುತ್ತಿ ಕೂರುವಷ್ಟೇ ಇಕ್ಕಟ್ಟಾದ ಗೂಡು ಎರಡೂ ಬದಿ ಇಡಿ.

ಇಲಿ ಹಾವಿನ ನಡು ದಪ್ಪದಷ್ಟಿರಲಿ, ವಾರಕ್ಕೊಂದು ಸಾಕು. ಫ್ರೀಜರ್ ಇಲಿಯನ್ನು ಪೂರ್ತಿ ಕರಗಿಸಿ, ಕವರಿನಲ್ಲಿಟ್ಟು ಬಿಸಿನೀರಲ್ಲಿ ಬೆಚ್ಚಗೆ ಮಾಡಿ. (ಫ್ರೀಜರಿನಲ್ಲಿ ಆ ಡಬ್ಬಿ ನೋಡಿ ನಮ್ಮಮ್ಮ ಎರಡು ದಿನ ಮಾತಾಡಿರಲಿಲ್ಲ.) ಸಂಜೆ ದೀಪ ಆರಿಸಿ, ಉದ್ದ ಚಿಮಟದಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಕುತ್ತಿಗೆ ಎಸ್ ಆಕಾರಕ್ಕೆ ಬಂದು ನಾಲಿಗೆ ಜೋರಾಗಿ ಆಡಿದರೆ ಇನ್ನೇನು ಹಿಡಿಯುತ್ತೆ. ತಿಂದಮೇಲೆ 48 ಗಂಟೆ ಮುಟ್ಟಬೇಡಿ, ಕಕ್ಕಿಬಿಡುತ್ತೆ.

ಆಮೇಲೆ ಎತ್ತುವಾಗ ಪಕ್ಕದಿಂದ ಕೈ ತಂದು ನಡುವಿನ ಕೆಳಗೆ ಆಸರೆ ಕೊಡಿ. ಐದೇ ನಿಮಿಷ. ಕಣ್ಣು ಹಾಲುಬಣ್ಣಕ್ಕೆ ತಿರುಗಿದ್ದರೆ ಪೊರೆ ಬಿಡುವ ಸಮಯ ಹತ್ತಿರ ಬಂದಿದೆ, ಆಗ ಬೇಡ. ಕಚ್ಚಿದರೆ ವಿಷ ಇಲ್ಲ, ಕೈ ಎಳೆಯಬೇಡಿ. ಬಿಟ್ಟಮೇಲೆ ಸೋಪು ಹಾಕಿ ತೊಳೆಯಿರಿ.

ಅಂದಹಾಗೆ, ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಿದ್ದೀರಾ? ಬಾಲ್ ಪೈಥಾನ್‌ಗೆ ಅದು ಬೇಕೇಬೇಕು.