ಮಗನ ಕಾಯಿಲೆಗೆ ನನ್ನ ಗರ್ಭಾವಸ್ಥೆಯೇ ಕಾರಣವೇ?

ಪ್ರಶ್ನೆ: ನಾಲ್ಕು ವರ್ಷದ ನನ್ನ ಮಗನಿಗೆ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್ ಇರುವುದು ಪತ್ತೆಯಾಗಿ ಚಿಕಿತ್ಸೆ ನಡೆಯುತ್ತಿದೆ. ಅವನ ಗರ್ಭ ನಿಂತದ್ದು ತಿಳಿಯುವ ಮೊದಲು ನಾನು ಹಲ್ಲಿನ ಎಕ್ಸ್‌ರೇ ತೆಗೆಸಿದ್ದೆ. ಹುಟ್ಟುವಾಗ ಅವನು 4.2 ಕಿಲೋ ತೂಗುತ್ತಿದ್ದ. ನನ್ನ ಅಜಾಗರೂಕತೆಯಿಂದಲೇ ಹೀಗಾಯಿತೆಂದು ಅತ್ತೆ ಹೇಳುತ್ತಾರೆ, ಪತಿ ಸುಮ್ಮನಿರುತ್ತಾರೆ. ಈಗ ಮತ್ತೆ ಗರ್ಭಿಣಿಯಾಗಿದ್ದೇನೆ. ನವಜಾತ ಶಿಶುವಿಗೆ ಕೊಡುವ ವಿಟಮಿನ್ ಕೆ ಚುಚ್ಚುಮದ್ದಿನಿಂದಲೂ ಈ ಕಾಯಿಲೆ ಬರುತ್ತದೆಂದು ಓದಿದೆ. ಅದನ್ನು ಬೇಡವೆನ್ನಲೇ?

ಉತ್ತರ: ದಯವಿಟ್ಟು ಬೇಡವೆನ್ನಬೇಡಿ. 1992ರಲ್ಲಿ ಬ್ರಿಟನ್ನಿನ ಒಂದು ಅಧ್ಯಯನ ಅಂಥ ಸಂಶಯವನ್ನು ಎತ್ತಿತ್ತು ನಿಜ. ಆದರೆ ಅನಂತರ ಬೇರೆ ಬೇರೆ ದೇಶಗಳಲ್ಲಿ ನಡೆದ, ಅದಕ್ಕಿಂತ ದೊಡ್ಡ ಅಧ್ಯಯನಗಳು ಆ ಸಂಶಯವನ್ನು ಸಮರ್ಥಿಸಲಿಲ್ಲ. ಚುಚ್ಚುಮದ್ದು ತಪ್ಪಿದರೆ ಎಳೆಗೂಸಿನ ಮೆದುಳಿನಲ್ಲಿ ರಕ್ತಸ್ರಾವವಾಗುವ ಅಪಾಯ ಮಾತ್ರ ನಿಜವಾದದ್ದು.

ಎಕ್ಸ್‌ರೇ ಕುರಿತ ಭಯಕ್ಕೂ ಒಂದು ಹಿನ್ನೆಲೆಯಿದೆ. 1950ರ ದಶಕದಲ್ಲಿ ಆಲಿಸ್ ಸ್ಟೀವರ್ಟ್ ಎಂಬ ವೈದ್ಯೆ, ಗರ್ಭಿಣಿಯರ ಹೊಟ್ಟೆಯ ಎಕ್ಸ್‌ರೇಗೂ ಮಕ್ಕಳ ಕ್ಯಾನ್ಸರಿಗೂ ನಂಟಿರುವುದನ್ನು ತೋರಿಸಿದರು. ಅಲ್ಲಿ ವಿಕಿರಣ ನೇರವಾಗಿ ಭ್ರೂಣದ ಮೇಲೆಯೇ ಬೀಳುತ್ತಿತ್ತು, ಪ್ರಮಾಣವೂ ಇಂದಿಗಿಂತ ಬಹಳ ಹೆಚ್ಚಿತ್ತು. ಹಲ್ಲಿನ ಎಕ್ಸ್‌ರೇಯಿಂದ ಗರ್ಭಕೋಶವನ್ನು ತಲುಪುವುದು ಗಣನೆಗೆ ಬಾರದಷ್ಟು. ಅಲ್ಟ್ರಾಸೌಂಡ್‌ನಲ್ಲಂತೂ ಅಂಥ ವಿಕಿರಣವೇ ಇಲ್ಲವಾದ್ದರಿಂದ ಈ ಬಾರಿಯ ಸ್ಕ್ಯಾನಿಂಗ್ ತಪ್ಪಿಸಬೇಡಿ.

ನಾಲ್ಕು ಕಿಲೋಗಿಂತ ಹೆಚ್ಚು ತೂಕದ ಶಿಶುಗಳಲ್ಲಿ ಈ ಕಾಯಿಲೆ ಸ್ವಲ್ಪ ಹೆಚ್ಚಾಗಿ ಕಾಣುತ್ತದೆ. ಆ ‘ಸ್ವಲ್ಪ’ ಎಷ್ಟೆಂದು ನೋಡಿ: ಹದಿನೈದು ವರ್ಷದೊಳಗೆ ಸುಮಾರು 2,000 ಮಕ್ಕಳಲ್ಲಿ ಒಬ್ಬರಿಗೆ ಇದು ಬರುತ್ತದೆ, ಎಂದರೆ 10,000ಕ್ಕೆ ಐದು, ತೂಕ ಹೆಚ್ಚಿದ್ದರೆ ಆ ಐದು ಹೆಚ್ಚುಕಡಿಮೆ ಆರಾಗಬಹುದು. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಅಪಾಯ ಹತ್ತು ಪಟ್ಟಿಗೂ ಮೀರಿರುತ್ತದೆ. ಅದರ ಪಕ್ಕದಲ್ಲಿ ತೂಕದ್ದು ತೀರಾ ಸಣ್ಣದು. ಅಂದಹಾಗೆ, ಅಧ್ಯಯನಗಳು ಗುರುತಿಸಿದ ಅಪಾಯಗಳಲ್ಲಿ ತಂದೆಯ ಧೂಮಪಾನವೂ ಒಂದು. ಆ ಪ್ರಶ್ನೆಯನ್ನು ಮನೆಗಳಲ್ಲಿ ಯಾರೂ ಕೇಳುವುದಿಲ್ಲವೆಂಬುದನ್ನು ನಾನು ಗಮನಿಸಿದ್ದೇನೆ.

ಈ ಕಾಯಿಲೆಯ ಮೊದಲ ಹೆಜ್ಜೆ ಎಷ್ಟೋ ಮಕ್ಕಳಲ್ಲಿ ಗರ್ಭದಲ್ಲೇ ಬೀಳುತ್ತದೆ ಎಂಬುದೇನೋ ಸತ್ಯ. ಹುಟ್ಟಿದ ಕೂಡಲೇ ಹಿಮ್ಮಡಿಯಿಂದ ತೆಗೆದು ಕಾಗದದ ಮೇಲೆ ಒಣಗಿಸಿಟ್ಟಿದ್ದ ರಕ್ತವನ್ನು ವರ್ಷಗಳ ನಂತರ ಪರೀಕ್ಷಿಸಿದಾಗ, ಎರಡು ವಂಶವಾಹಿಗಳು ತಪ್ಪಾಗಿ ಬೆಸೆದುಕೊಂಡ ಗುರುತು ಅದರಲ್ಲಿ ಸಿಕ್ಕಿದೆ. ಆದರೆ ಜೀವಕೋಶಗಳು ವಿಭಜಿಸುವಾಗ ತಾನಾಗಿ ಆಗಿಬಿಡುವ ಈ ದೋಷ ಆರೋಗ್ಯವಂತ ನವಜಾತ ಶಿಶುಗಳಲ್ಲೂ ಇರುತ್ತದೆ. ಅವರಲ್ಲಿ ಬಹುತೇಕರಿಗೆ ಕಾಯಿಲೆ ಬರುವುದೇ ಇಲ್ಲ, ಏಕೆಂದರೆ ಹುಟ್ಟಿದ ಮೇಲೆ ಇನ್ನೂ ಕೆಲವು ಬದಲಾವಣೆಗಳು ಸೇರಬೇಕಾಗುತ್ತದೆ. ಮೊದಲ ದೋಷವನ್ನು ತಡೆಯಲು ಯಾವ ತಾಯಿಗೂ ದಾರಿಯಿರಲಿಲ್ಲ, ನಿಮಗೂ ಇರಲಿಲ್ಲ.

ಒಂದೇ ಮಾಸುವನ್ನು ಹಂಚಿಕೊಂಡ ಅವಳಿಗಳನ್ನು ಬಿಟ್ಟರೆ, ಒಡಹುಟ್ಟಿದವರಿಗೆ ಇದು ಬರುವ ಸಾಧ್ಯತೆ ತುಸು ಹೆಚ್ಚಾದರೂ ಬಹಳ ಕಡಿಮೆಯೇ. ಹತ್ತಿರದ ಬಂಧುಗಳಲ್ಲಿ ಚಿಕ್ಕ ವಯಸ್ಸಿಗೇ ಕ್ಯಾನ್ಸರ್ ಬಂದವರಿದ್ದರೆ ವೈದ್ಯರಿಗೆ ತಿಳಿಸಿ. ಆರು ತಿಂಗಳಾದರೂ ಎದೆಹಾಲು ಕುಡಿಸಿದ ಮಕ್ಕಳಲ್ಲಿ ಈ ಕಾಯಿಲೆ ಕೊಂಚ ಕಡಿಮೆ ಕಂಡುಬಂದಿದೆ; ಸಾಧ್ಯವಾದರೆ ಕುಡಿಸಿ, ಆಗದಿದ್ದರೆ ಅದನ್ನೂ ಇನ್ನೊಂದು ಅಪರಾಧವೆಂದು ಬರೆದಿಟ್ಟುಕೊಳ್ಳಬೇಡಿ.

ಮಗನ ಮುಂದಿನ ತಪಾಸಣೆಗೆ ಪತಿಯನ್ನೂ ಅತ್ತೆಯನ್ನೂ ಕರೆದುಕೊಂಡು ಹೋಗಿ. ಇದಕ್ಕೆ ತಾಯಿ ಕಾರಣಳೇ ಎಂಬ ಪ್ರಶ್ನೆಯನ್ನು ಅವರ ಎದುರಿನಲ್ಲೇ ವೈದ್ಯರಿಗೆ ಕೇಳಬೇಕು. ಕೇಳುವವರು ನಿಮ್ಮ ಪತಿಯಾಗಿರಲಿ.