ಮಾರ್ಸಿಯಾ ಕ್ಲಾರ್ಕ್ ಪರವಾಗಿ ಒಂದು ವಕಾಲತ್ತು

ಮಾನ್ಯ ವಕೀಲರಿಗೆ ನಮಸ್ಕಾರಗಳು.

ಅಮೆರಿಕದ ಮಾಜಿ ಪ್ರಾಸಿಕ್ಯೂಟರ್ (ಸರ್ಕಾರದ ಪರ ವಾದಿಸುವ ವಕೀಲೆ) ಮಾರ್ಸಿಯಾ ಕ್ಲಾರ್ಕ್ ಅವರು ಟೆಲಿವಿಷನ್ ವಿಶ್ಲೇಷಕಿಯಾಗಿ, ಮುಂದೆ ಕಾದಂಬರಿಕಾರ್ತಿಯಾಗಿ ಬದಲಾದುದನ್ನು ಕುರಿತ ನಿಮ್ಮ ಲೇಖನವನ್ನು ಓದಿದೆ. ವಿಷಯ ಒಳ್ಳೆಯದು, ಭಾಷೆ ಶುದ್ಧವಾಗಿದೆ, ಸಾಮಾನ್ಯ ನಾಗರಿಕರೇ ಕೂತು ತೀರ್ಪು ಹೇಳುವ, ನಮ್ಮಲ್ಲಿ ಈಗ ಇಲ್ಲದ ಜ್ಯೂರಿ ಪದ್ಧತಿಯನ್ನು ಓದುಗರಿಗೆ ತಿಳಿಯುವಂತೆ ವಿವರಿಸಿದ್ದೀರಿ. ಆದರೂ ಈ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಟಿವಿ ಚರ್ಚೆಗಳಲ್ಲಿ ಭಾಗವಹಿಸುತ್ತಿರುವ ನಿಮಗೂ ಇನ್ನು ಮುಂದೆ ಕತೆ ಬರೆಯುವ ಆಸೆಯಿದೆಯೆಂದು ಪತ್ರದಲ್ಲಿ ತಿಳಿಸಿದ್ದೀರಾದ್ದರಿಂದ, ಕಾರಣವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ಲೇಖನದುದ್ದಕ್ಕೂ ನೀವು ಕ್ಲಾರ್ಕ್ ಅವರ ಪರ ವಾದ ಮಂಡಿಸಿದ್ದೀರಿ. ಅವರನ್ನು ಓದುಗನ ಕಣ್ಣಿಗೆ ಬೀಳುವಂತೆ ಒಂದು ಸಲವಾದರೂ ನಿಲ್ಲಿಸಿಲ್ಲ. ಎರಡನೆಯ ಪುಟದಲ್ಲಿ, ಅಮೆರಿಕನ್ ಫುಟ್‌ಬಾಲಿನ ಮಾಜಿ ತಾರೆ ಒ.ಜೆ. ಸಿಂಪ್ಸನ್ ಮೇಲೆ ಕ್ಲಾರ್ಕ್ ಸರ್ಕಾರದ ಪರ ನಡೆಸಿದ ಜೋಡಿ ಕೊಲೆ ಮೊಕದ್ದಮೆಯ ಸಂದರ್ಭದಲ್ಲಿ, "ಮಹಿಳೆಯಾಗಿ ಅವರು ಅನುಭವಿಸಿದ ಯಾತನೆ ವರ್ಣನಾತೀತ" ಎಂದು ಬರೆದಿದ್ದೀರಿ. ವರ್ಣಿಸಲಾಗದಿದ್ದರೆ ಲೇಖನವಾದರೂ ಏಕೆ ಬೇಕು? 1995ರ ಫೆಬ್ರವರಿಯಲ್ಲಿ ಒಬ್ಬ ಸಾಕ್ಷಿಯ ವಿಚಾರಣೆಯನ್ನು ಸಂಜೆಯ ಮೇಲೂ ಮುಂದುವರಿಸುವ ಮಾತು ಬಂದಾಗ, ಮನೆಯಲ್ಲಿ ಮಕ್ಕಳಿರುವುದರಿಂದ ತಾವು ಉಳಿಯಲಾಗದೆಂದು ಅವರು ನ್ಯಾಯಾಧೀಶ ಲ್ಯಾನ್ಸ್ ಇಟೊ ಅವರಿಗೆ ತಿಳಿಸಿದರು. ಅದು ಕಾಲ ತಳ್ಳುವ ತಂತ್ರವೆಂದು ಆರೋಪಿ ಪರ ವಕೀಲ ಜಾನಿ ಕಾಕ್ರನ್ ಹೇಳಿದಾಗ, ಕ್ಯಾಮೆರಾಗಳ ಎದುರೇ ಸಿಟ್ಟಿನಿಂದ ಪ್ರತಿಭಟಿಸಿದರು. ಅದೇ ದಿನಗಳಲ್ಲಿ ದೂರವಾಗಿದ್ದ ಪತಿ, ಈಕೆಗೆ ಮಕ್ಕಳಿಗಾಗಿ ಸಮಯವಿಲ್ಲವೆಂದು ಅವರ ಪಾಲನೆಯ ಹಕ್ಕನ್ನು ಕೇಳಿ ಬೇರೊಂದು ನ್ಯಾಯಾಲಯದ ಮೆಟ್ಟಿಲು ಹತ್ತಿದ್ದರು. ಇಷ್ಟನ್ನು ಬರೆದಿದ್ದರೆ ನಿಮ್ಮ ವಿಶೇಷಣ ತಾನಾಗಿಯೇ ಉದುರುತ್ತಿತ್ತು.

ಅದರ ಮುಂದಿನ ಸಾಲು: "ಮಾಧ್ಯಮಗಳು ಅವರ ಘನತೆಯನ್ನು ಚೂರುಚೂರು ಮಾಡಿದವು." ಯಾವ ಮಾಧ್ಯಮ, ಏನು ಮಾಡಿ? ಅವರು ಏಪ್ರಿಲ್‌ನಲ್ಲಿ ಗುಂಗುರು ಕೂದಲನ್ನು ನೇರ ಮಾಡಿಸಿಕೊಂಡು ಬಂದದ್ದೇ ಸುದ್ದಿಯಾಯಿತು. ಆ ಕೂದಲನ್ನು ಬರೆಯಿರಿ, ಘನತೆಯ ವಿಚಾರವನ್ನು ಓದುಗನಿಗೆ ಬಿಡಿ.

ನಾನು ಕೆಲಸ ಕಲಿತದ್ದು ಒಂದು ದಿನಪತ್ರಿಕೆಯ ಡೆಸ್ಕಿನಲ್ಲಿ, ತಾಲ್ಲೂಕುಗಳಿಂದ ಬರುತ್ತಿದ್ದ ಕೋರ್ಟ್ ವರದಿಗಳನ್ನು ತಿದ್ದುತ್ತಾ. ಅಲ್ಲಿನ ಹಿರಿಯ ಉಪಸಂಪಾದಕರೊಬ್ಬರು "ಭೀಕರ", "ಅಮಾನುಷ" ಎಂಬ ಮಾತುಗಳನ್ನು ಕಂಡರೆ ಹೊಡೆದುಹಾಕುತ್ತಿರಲಿಲ್ಲ, ಅವುಗಳ ಕೆಳಗೆ ಗೆರೆ ಎಳೆದು, ಅಂಚಿನಲ್ಲಿ "ಯಾರು ನೋಡಿದರು?" ಎಂದು ಕೆಂಪು ಶಾಯಿಯಲ್ಲಿ ಬರೆದು ನನ್ನ ಮೇಜಿಗೆ ಮರಳಿಸುತ್ತಿದ್ದರು. ಉತ್ತರ ಹುಡುಕಲು ನಾನು ವರದಿಗಾರನಿಗೆ ಟ್ರಂಕ್ ಕಾಲ್ ಮಾಡಬೇಕಾಗುತ್ತಿತ್ತು, ಅಷ್ಟರಲ್ಲಿ ಪುಟ ಕಟ್ಟುವವರು ಬಂದು ತಲೆಯ ಮೇಲೆ ನಿಲ್ಲುತ್ತಿದ್ದರು. ಆ ಮನುಷ್ಯನ ಮೇಲೆ ನನಗೆ ಆಗ ಬಹಳ ಕೋಪವಿತ್ತು. ಈಗ ನಿಮ್ಮ ಹಸ್ತಪ್ರತಿಯ ಅಂಚಿನಲ್ಲಿ ಅದೇ ಪ್ರಶ್ನೆಯನ್ನು ಹಲವು ಕಡೆ ಕಾಣುವಿರಿ.

ನನ್ನನ್ನು ಇದಕ್ಕಿಂತಲೂ ಕೆಣಕಿದ್ದು ನಾಲ್ಕನೆಯ ಪುಟದ ವಾಕ್ಯ: "ಸೋಲಿನ ಬೆನ್ನಲ್ಲೇ ಅವರು ಲೇಖನಿಯನ್ನು ಅಸ್ತ್ರವಾಗಿಸಿಕೊಂಡರು." ಸಿಂಪ್ಸನ್ ನಿರ್ದೋಷಿಯೆಂಬ ತೀರ್ಪು ಬಂದದ್ದು 1995ರ ಅಕ್ಟೋಬರ್ 3ರಂದು. ಕ್ಲಾರ್ಕ್ ಸರ್ಕಾರಿ ಕೆಲಸವನ್ನು ಬಿಟ್ಟದ್ದೂ ಮೊಕದ್ದಮೆಯ ನೆನಪುಗಳನ್ನು ಸಹಲೇಖಕಿಯೊಬ್ಬರೊಡನೆ ಪ್ರಕಟಿಸಿದ್ದೂ 1997ರಲ್ಲಿ. ಮೊದಲ ಕಾದಂಬರಿ ಹೊರಬಂದದ್ದು 2011ರಲ್ಲಿ. ನೆನಪುಗಳಿಗೂ ಕಾದಂಬರಿಗೂ ನಡುವಿನ 14 ವರ್ಷಗಳನ್ನು ನೀವು ಒಂದೇ ನೆಗೆತದಲ್ಲಿ ದಾಟಿದ್ದೀರಿ; ವೃತ್ತಿ ಬದಲಾವಣೆಯೆಂದು ನೀವು ಕರೆಯುವುದೆಲ್ಲ ನಡೆದದ್ದು ಆ ವರ್ಷಗಳಲ್ಲೇ. ಬೇರೆಯವರ ಮೊಕದ್ದಮೆಗಳ ಬಗ್ಗೆ ಟಿವಿಯಲ್ಲಿ ವಿಶ್ಲೇಷಣೆ ಮಾಡುವುದರ ಜೊತೆಗೆ, ವಕೀಲರನ್ನು ಇಟ್ಟುಕೊಳ್ಳಲಾಗದ ಬಡ ಅಪರಾಧಿಗಳ ಮೇಲ್ಮನವಿಗಳನ್ನು ಅವರು ನ್ಯಾಯಾಲಯದ ನೇಮಕದ ಮೇರೆಗೆ ಬರೆಯುತ್ತಿದ್ದರು. ಮೇಲ್ಮನವಿಯ ಕೆಲಸವೇನೆಂದು ನಿಮಗೆ ನಾನು ಹೇಳಬೇಕಾಗಿಲ್ಲ: ಹೊಸ ಸಾಕ್ಷಿಯಿಲ್ಲ, ಎದುರಿಗೆ ಜ್ಯೂರಿಯಿಲ್ಲ, ಕೆಳಗಿನ ಕೋರ್ಟಿನಲ್ಲಿ ದಾಖಲಾದ ಮಾತುಗಳನ್ನು ಕೂತು ಓದಿ, ಅವುಗಳ ನಡುವೆ ತಪ್ಪಿಹೋದದ್ದನ್ನು ಹುಡುಕಬೇಕು. ಕಾದಂಬರಿಕಾರ್ತಿ ರೂಪುಗೊಂಡದ್ದು ಸಿಂಪ್ಸನ್ ಮೊಕದ್ದಮೆಯ ಗದ್ದಲಕ್ಕಿಂತ ಹೆಚ್ಚಾಗಿ ಈ ಕಡತಗಳ ನಡುವೆ ಎಂಬುದು ನನ್ನ ಊಹೆ. ಒಪ್ಪದಿದ್ದರೆ ಕಾರಣ ಕೊಟ್ಟು ಅಲ್ಲಗಳೆಯಿರಿ, ಆದರೆ ಆ ವರ್ಷಗಳನ್ನು ನುಂಗಬೇಡಿ.

ಇನ್ನೊಂದು ಮಾತು. ಅವರ ಮೊದಲ ಕಾದಂಬರಿ ಮಾಲೆಯ ನಾಯಕಿ ಪ್ರಾಸಿಕ್ಯೂಟರ್. 2016ರಲ್ಲಿ ಆರಂಭವಾದ ಮಾಲೆಯ ನಾಯಕಿ ಆರೋಪಿಗಳ ಪರ ವಕೀಲೆ. 1981ರಲ್ಲಿ ಲಾಸ್ ಏಂಜಲೀಸ್‌ನ ಡಿಸ್ಟ್ರಿಕ್ಟ್ ಅಟಾರ್ನಿ ಕಚೇರಿಗೆ, ಅಂದರೆ ಸರ್ಕಾರಿ ಪ್ರಾಸಿಕ್ಯೂಟರ್‌ಗಳ ಕಚೇರಿಗೆ, ಸೇರುವ ಮುನ್ನ ಕ್ಲಾರ್ಕ್ ಕೂಡ ಆರೋಪಿಗಳ ಪರವೇ ಕೆಲಸ ಮಾಡಿದ್ದವರು. ಇದಕ್ಕೆ ನೀವು ಕೊಟ್ಟಿರುವುದು ಅರ್ಧ ಸಾಲು. ಸ್ತ್ರೀಶಕ್ತಿಯನ್ನು ಕೊಂಡಾಡುವ ಕೊನೆಯ ಪುಟವನ್ನು ಪೂರ್ತಿಯಾಗಿ ತೆಗೆದು, ಆ ಜಾಗದಲ್ಲಿ ಈ ಪಕ್ಷಾಂತರವನ್ನು ಬಿಡಿಸಿ ಬರೆದು ಕಳಿಸಿ. ತಿದ್ದಿದ ಪ್ರತಿ ಮುಂದಿನ ತಿಂಗಳೊಳಗೆ ಕೈಸೇರಿದರೆ ಮತ್ತೊಮ್ಮೆ ಓದುತ್ತೇನೆ.

ಇಂತಿ,
ಸಂಪಾದಕ